ಯಾರೂ ಗೆಲ್ಲದ ಶಹಾಪುರದ ಬಾಜಿ

ರೊಟ್ಟಿ ಹೆಂಚಿನ ಮೇಲಿರುವಾಗ ಬಂದ ಸುದ್ದಿ ಅರ್ಧವೇ ಕಿವಿಗೆ ಬೀಳುತ್ತದೆ, ಉಳಿದರ್ಧ ರೊಟ್ಟಿಯ ಪಾಲಾಗುತ್ತದೆ ಎಂಬುದು ನನ್ನ ಅನುಭವ. ನನ್ನ ಬಾಳಿನ ದೊಡ್ಡ ಸುದ್ದಿಗಳೆಲ್ಲ ಅಡುಗೆಮನೆಯ ಹೊಗೆ ದಾಟಿಕೊಂಡೇ ನನ್ನ ಹತ್ತಿರ ಬಂದಿವೆ. ನಿಜಾಮರ ರಾಜ್ಯ ಹೋದ ದಿನ ನಾನು ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಯಾರೋ "ಹೋತ್ರೆಪ್ಪೋ, ಹೋತು" ಎಂದು ಕೂಗಿದರು. ನಮ್ಮ ಎಮ್ಮೆ ಕಣ್ಣಿ ಹರಿದುಕೊಂಡು ಹೋಯಿತೆಂದು ತಿಳಿದು ಹಿತ್ತಲಿಗೆ ಓಡಿದೆ. ಎಮ್ಮೆ ಅಲ್ಲೇ ನಿಂತು ಮೆಲುಕು ಹಾಕುತ್ತಿತ್ತು. ದೇವರು ದೊಡ್ಡವನು ಎಂದುಕೊಂಡು ಒಳಗೆ ಬಂದೆ. ಹೋದದ್ದು ರಾಜ್ಯವೆಂದು ತಿಳಿದದ್ದು ಸಂಜೆಗೆ. ಅಷ್ಟರಲ್ಲಿ ಬೇಳೆ ಉಂಡು ಮುಗಿದಿತ್ತು.

ಶಹಾಪುರದ ಸುದ್ದಿ ಬಂದಾಗಲೂ ನಾನು ಒಲೆಯ ಮುಂದೆಯೇ ಇದ್ದೆ. ಭಾನುವಾರ ಸಂಜೆ. ಹಿಟ್ಟು ನಾದಿ, ಬಡಿದು, ಒಂದು ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ ನೀರು ಸವರುತ್ತಿದ್ದೆ. ನನ್ನ ಮೈದುನ ಬಸಣ್ಣ ಬಸ್ಸಿಳಿದವನೇ ಕಾಲು ತೊಳೆಯದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಅಣ್ಣನ ಆಟ ನೋಡಲು ಬೆಳಿಗ್ಗೆಯೇ ಜೊತೆಗೆ ಹೋಗಿದ್ದವನು ಅವನು. ಅಣ್ಣ ಕಟ್ಟೆಯ ಮೇಲೆ ಯಾರ ಜೊತೆಗೋ ಮಾತಿಗೆ ನಿಂತರಂತೆ. ಇವನು ಮುಂದೆ ಓಡಿ ಬಂದಿದ್ದ.

"ವೈನಿ, ಮುಗೀತ್ರಿ ಆಟ."

"ಯಾರು ಗೆದ್ರು?"

"ಯಾರೂ ಗೆದ್ದಿಲ್ರಿ."

"ಹಂಗಾರ ಸೋತವ್ರು ಯಾರು?"

"ಸೋತವ್ರೂ ಇಲ್ರಿ. ಬಾಜಿ ಕಾಯಂ ಆತು."

ಶತರಂಜ್ ಆಡುವವರ ಮಾತಿನಲ್ಲಿ ಬಾಜಿ ಕಾಯಂ ಅಂದರೆ ಆಟ ಸಮನಾಗಿ ನಿಂತಿತು, ಇಬ್ಬರ ರಾಜರೂ ಬದುಕಿದರು ಎಂದರ್ಥ. ಆ ಆಟದ ನೂರು ಮಾತುಗಳಲ್ಲಿ ನನಗೆ ಗೊತ್ತಿದ್ದದ್ದು ಅದೊಂದೇ ಮಾತು. ಅದನ್ನೂ ಆ ತಿಂಗಳಲ್ಲೇ, ನನಗೆ ಬೇಕಾಗಿದ್ದರಿಂದ, ಕೇಳಿ ತಿಳಿದುಕೊಂಡಿದ್ದೆ. ಹಿಟ್ಟಿನ ಕೈಯನ್ನೇ ಜೋಡಿಸಿ ಜಗಲಿಯ ದೇವರ ಕಡೆ ತಿರುಗಿ ಕಣ್ಣು ಮುಚ್ಚಿದೆ.

"ಅಣ್ಣ ಗೆದ್ದಿಲ್ಲಂದ್ರ ನೀವು ಕೈ ಮುಗೀಲಿಕತ್ತೀರಲ್ರಿ" ಎಂದ ಬಸಣ್ಣ. ಅವನ ದನಿಯಲ್ಲಿ, ಬೇರೆ ಮನೆಯಿಂದ ಬಂದವಳು ಎಷ್ಟು ವರ್ಷ ಕಳೆದರೂ ಬೇರೆಯವಳೇ ಎಂಬ ಧಾಟಿಯಿತ್ತು. ನಾನು ಕಣ್ಣು ತೆರೆಯುವ ಹೊತ್ತಿಗೆ ರೊಟ್ಟಿ ಕರಿ ಕಂಬಳಿಯಾಗಿತ್ತು.

ಆ ರೊಟ್ಟಿ ಯಾಕೆ ಸುಟ್ಟಿತು ಎಂಬುದನ್ನು ಹೇಳಬೇಕಾದರೆ ನಮ್ಮವರ ವಿಷಯ ಹೇಳಬೇಕು. ಹೆಸರು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ ಹೇಳುವುದು ನಮ್ಮ ಕಡೆಯ ಪದ್ಧತಿ; ಈ ವಯಸ್ಸಿನಲ್ಲಿ ಒಡಪು ಕಟ್ಟುತ್ತ ಕುಳಿತರೆ ಸಾರು ಉಕ್ಕುತ್ತದೆ. ಅವರು ಸುರಪುರದ ತಾಲೂಕು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರರು. ಉರ್ದುವನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಕಚೇರಿಗೆ ಕನ್ನಡ ಬಂದ ಮೇಲೆ, ಅರ್ಧ ವಯಸ್ಸು ಕಳೆದ ಮನುಷ್ಯ, ಸಂಜೆ ನಮ್ಮ ಮಗಳು ನೀಲಮ್ಮನ ಪಾಟಿಯ ಮುಂದೆ ಕುಳಿತು ಒತ್ತಕ್ಷರ ತಿದ್ದಿದರು. ಮಗಳು ತಪ್ಪು ಹಿಡಿದರೆ "ಸರಕಾರ ಬದಲಾತು ಅಂದ್ರ ಅಪ್ಪನೂ ಬದಲಾದ್ನೇನು" ಎಂದು ಗುಡುಗುತ್ತಿದ್ದರು. ಆಮೇಲೆ ತಿದ್ದಿಕೊಳ್ಳುತ್ತಿದ್ದರು. ಇಂಥ ವಿಷಯಗಳಲ್ಲಿ ಅವರು ಒಳ್ಳೆಯವರೇ. ಕುಡಿತವಿಲ್ಲ, ಜೂಜಿಲ್ಲ, ಸೋಮವಾರ ಬಿಡದೆ ಲಿಂಗಪೂಜೆ ಉಂಟು. ಶತರಂಜ್ ಒಂದೇ ಇತ್ತು.

ಅದು ಅವರಿಗೆ ತಂದೆಯಿಂದ ಬಂದದ್ದು. ನಮ್ಮ ಮಾವನವರು ಸಂಸ್ಥಾನದ ಕಾಲದ ಹಳೆಯ ಆಟಗಾರರಿಂದ ಕಲಿತವರು. ಬೇವಿನ ಕಟ್ಟಿಗೆಯ ಕಾಯಿಗಳು. ಅವುಗಳ ಚೀಲ ನನ್ನ ಮದುವೆಯ ಕುಪ್ಪಸದಿಂದ ಹೊಲಿದದ್ದು. ಒಂದು ಆನೆ ಎಂದೋ ಕಳೆದುಹೋಗಿತ್ತು. ಅದರ ಜಾಗದಲ್ಲಿ ನನ್ನ ಡಬ್ಬಿಯ ಅರಿಷಿಣದ ಕೊಂಬು ನಿಲ್ಲುತ್ತಿತ್ತು. ಹಬ್ಬದ ಹಿಂದಿನ ದಿನ ಅರಿಷಿಣ ಸಾಲದೆ ಹೋದರೆ ನಾನು ಆನೆಯನ್ನೇ ಒಂದಿಷ್ಟು ತೇಯುತ್ತಿದ್ದೆ. ವರ್ಷಗಳು ಕಳೆದಂತೆ ಆ ಆನೆ ಕೃಶವಾಯಿತು. ಅವರು ಮಾತ್ರ, "ಹಳೇ ಆನಿ, ಸವೀತದ" ಎನ್ನುತ್ತಿದ್ದರು. ಊಟಕ್ಕೆ ಕುಳಿತರೆ ತಾಟಿನಲ್ಲಿ ಉಳ್ಳಾಗಡ್ಡಿ ಒಂದು ಕಡೆ ಸರಿಯುತ್ತಿತ್ತು, ಮೆಣಸಿನಕಾಯಿ ಇನ್ನೊಂದು ಕಡೆಯಿಂದ ಅದರ ಮೇಲೆ ಏರಿ ಹೋಗುತ್ತಿತ್ತು. ಯಾರು ಗೆಲ್ಲುತ್ತಾರೋ ಎಂದು ಪಲ್ಯ ಬಡಿಸಲೂ ಭಯ. ನಡುವೆ ಹೋಗಿ ಬೀಳುತ್ತದಲ್ಲ. ಬಚ್ಚಲಿನಲ್ಲಿ ಕಾದ ನೀರು ತಣ್ಣಗಾಗುವವರೆಗೆ ತಂಬಿಗೆ ಹಿಡಿದು ಕುಳಿತಿರುತ್ತಿದ್ದರು. ಎಲ್ಲವನ್ನೂ ಸಹಿಸಿಕೊಂಡಿದ್ದೆ. ಗಂಡಸರು ಎಲ್ಲಾದರೂ ಒಂದು ಕಡೆ ಯುದ್ಧ ಮಾಡಲೇಬೇಕು, ಮನೆಯ ಪಡಸಾಲೆಯಲ್ಲೇ ಮಾಡುತ್ತಾರಲ್ಲ, ಅದೇ ಪುಣ್ಯ ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದೆ.

ಸಹಿಸಲು ಕಷ್ಟವಾದದ್ದು ಆ ಆಟ ನೀಲಮ್ಮನ ಮದುವೆಯ ನಡುವೆ ಬಂದಾಗ. ಮೊದಲು ಬಂದ ಸಂಬಂಧ ಶಹಾಪುರದ್ದು. ಹುಡುಗನ ಸೋದರಮಾವ ಹೆಣ್ಣು ನೋಡಲು ಬಂದರು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅಷ್ಟರಲ್ಲಿ ನಮ್ಮವರು, "ಉಪ್ಪಿಟ್ಟು ಬರೋತನ ಒಂದು ಕೈ ನೋಡೂಣೇನ್ರಿ" ಎಂದು ಶತರಂಜಿನ ಬಟ್ಟೆಯ ಹಾಸು ಬಿಚ್ಚಿದರು. ಬಂದವರೂ ಸ್ವಲ್ಪ ಬಲ್ಲವರಂತೆ. ರವೆ ಕೆಂಪಗಾಗುವುದರೊಳಗೆ ಅವರನ್ನು ಸೋಲಿಸಿ, ಎಲ್ಲಿ ತಪ್ಪಿದರೆಂದು ತಿಳಿಸಿಹೇಳಿ, ಇನ್ನೊಮ್ಮೆ ಕಾಯಿ ಹೂಡಿ, ಇನ್ನೊಮ್ಮೆ ಸೋಲಿಸಿದರು. ನಾಲ್ಕು ದಿನಕ್ಕೆ ಗಂಡಿನ ಕಡೆಯವರು ಜಾತಕ ಕೂಡಿ ಬರಲಿಲ್ಲವೆಂದು ಹೇಳಿ ಕಳಿಸಿದರು. ನಾವು ಜಾತಕ ಕೊಟ್ಟೇ ಇರಲಿಲ್ಲ.

ಎರಡನೆಯದು ಯಾದಗಿರಿಯ ಸಂಬಂಧ. ಹುಡುಗ ಗುರುಮಠಕಲ್ಲಿನ ಕನ್ನಡ ಸಾಲೆಯಲ್ಲಿ ಮಾಸ್ತರ. ತೆಲುಗು ಮಾತಾಡುವ ಮಕ್ಕಳಿಗೆ ನಕ್ಕೊಂತ ಕನ್ನಡ ಕಲಿಸುತ್ತಾನೆಂದು ಕೇಳಿದ್ದೆ. ನಕ್ಕೊಂತ ಕಲಿಸುವ ಮಾಸ್ತರ ಸಿಗುವುದು ಅಪರೂಪ. ನೀಲಮ್ಮ ಅವನನ್ನು ಬಳಗದ ಒಂದು ಮದುವೆಯಲ್ಲಿ ನೋಡಿದ್ದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಗುರುಮಠಕಲ್ಲಿಗೆ ಯಾವ ಬಸ್ಸು ಹೋಗುತ್ತದೆ ಎಂದು ಮಾತ್ರ ಒಮ್ಮೆ ಕೇಳಿದಳು, ಊರಿನ ಭೂಗೋಳ ಓದುವವಳ ಹಾಗೆ. ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಹುಡುಗನ ತಂದೆ ಸಿದ್ರಾಮಪ್ಪ ವಕೀಲರು, ಯಾದಗಿರಿಯಲ್ಲಿ ಅವರನ್ನು ಶತರಂಜಿನಲ್ಲಿ ಸೋಲಿಸಿದವರೇ ಇಲ್ಲವೆಂದು ಹೆಸರಾದವರು.

ಮಾತುಕತೆ ಅರ್ಧಕ್ಕೆ ಬಂದಾಗ ಯಾದಗಿರಿಯ ಕ್ಲಬ್ಬಿನವರು ಸುರಪುರ, ಶಹಾಪುರ, ಯಾದಗಿರಿ ಮೂರೂ ಊರಿನ ಪಂದ್ಯ ಹೂಡಿದರು. ಗೆದ್ದವರಿಗೆ ಬೆಳ್ಳಿಯ ಕಪ್ಪು. ಒಬ್ಬೊಬ್ಬರೇ ಸೋತು ಮನೆಗೆ ಹೋಗಿ ಕೊನೆಗೆ ಇಬ್ಬರು ಉಳಿದರು. ಯಾರೆಂದು ಹೇಳಬೇಕಾಗಿಲ್ಲ. ಸುರಪುರದವರು ಯಾದಗಿರಿಗೆ ಬರಲು ಒಪ್ಪಲಿಲ್ಲ, ಯಾದಗಿರಿಯವರು ಸುರಪುರಕ್ಕೆ ಬರಲು ಒಪ್ಪಲಿಲ್ಲ. ಎರಡೂ ಊರಿನ ನಡುವಿನ ಶಹಾಪುರದಲ್ಲಿ ಆಡುವುದೆಂದಾಯಿತು.

"ಅವ್ವಾ, ಅಪ್ಪ ಗೆದ್ರ ಏನಾಗ್ತದ?" ಎಂದಳು ನೀಲಮ್ಮ, ಅಕ್ಕಿ ಆರಿಸುತ್ತ.

"ಕಪ್ಪು ಬರ್ತದ."

"ಸೋತ್ರ?"

"ಕಪ್ಪು ಬರಂಗಿಲ್ಲ."

ಅವಳು ಒಂದು ಕಲ್ಲು ಆರಿಸಿ ಹೊರಗೆ ಒಗೆದಳು. "ಎರಡರಾಗೂ ಮತ್ತೇನೂ ಬರಂಗಿಲ್ಲ ಬಿಡು" ಎಂದಳು.

ಮಗಳು ನನಗಿಂತ ಜಾಣೆ. ಹೆಣ್ಣು ಕೊಡುವವರು ಬೀಗರನ್ನು ಊರ ಮುಂದೆ ಸೋಲಿಸಿದರೆ ಆ ಮನೆಯಲ್ಲಿ ಹೆಣ್ಣು ಹೇಗೆ ಬಾಳಬೇಕು? ಸೋತರೋ, ನಮ್ಮವರ ಸ್ವಭಾವ ನನಗೆ ಗೊತ್ತು. ತಮ್ಮನ್ನು ಸೋಲಿಸಿದವರ ಮನೆಯ ಬಾಗಿಲಲ್ಲಿ ತಾಂಬೂಲ ಹಿಡಿದು ನಿಲ್ಲುವವರಲ್ಲ. ಗೆದ್ದರೆ ಅವರು ಬಿಡುತ್ತಾರೆ, ಸೋತರೆ ಇವರು ಬಿಡುತ್ತಾರೆ. ಅಂದೇ ಬಸಣ್ಣನನ್ನು ಕೇಳಿದೆ, ಈ ಆಟದಲ್ಲಿ ಇಬ್ಬರೂ ಸೋಲದೆ ಏಳುವುದಕ್ಕೆ ಆಗುತ್ತದೆಯೇ ಎಂದು. "ಆಗ್ತದ್ರಿ. ಕಾಯಂ ಅಂತಾರ. ಖರೆ, ಅಣ್ಣನ ಆಟದಾಗ ಒಮ್ಮೆನೂ ಆಗಿಲ್ರಿ" ಎಂದು ಹೆಮ್ಮೆಯಿಂದ ಹೇಳಿದ. ಇನ್ನು ದೇವರನ್ನೇ ಕೇಳಬೇಕು ಎಂದುಕೊಂಡೆ.

ಆಡುವ ಮೊದಲೇ ಕಾಯಿದೆಯ ಜಗಳ ಬಂತು. ಅದನ್ನು ತೀರಿಸಿಕೊಳ್ಳಲು ವಕೀಲರು ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಪಡಸಾಲೆಗೇ ಬಂದರು. ಬೀಗತನದ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗಿಯ ಮದುವೆ ಪಕ್ಕಕ್ಕಿರಲಿ, ಕಟ್ಟಿಗೆಯ ರಾಜ ಹೇಗೆ ನಡೆಯಬೇಕು ಎಂಬುದೇ ದೊಡ್ಡದಾಯಿತು. ನಮ್ಮ ಸುರಪುರದ ಆಟದಲ್ಲಿ ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಯಾದಗಿರಿಯಲ್ಲಿ ರೈಲಿನ ಜೊತೆ ಹೊಸ ಆಟ ಬಂದಿತ್ತು; ಅಲ್ಲಿ ರಾಜ ಜಿಗಿಯುವಂತಿಲ್ಲ, ಆದರೆ ಪ್ಯಾದೆ, ಅಂದರೆ ಕಾಲಾಳು, ಮೊದಲ ನಡೆಯಲ್ಲಿ ಎರಡು ಮನೆ ದಾಟಬಹುದು.

"ರಾಜ ಕುದುರಿ ಜಿಗಿತ ಜಿಗಿಯೋದು ಯಾವ ಶಾಸ್ತ್ರದಾಗ ಅದ್ರಿ?" ಎಂದರು ವಕೀಲರು. "ರಾಜ ಅಂದಮ್ಯಾಲ ಜರಾ ಗಾಂಭೀರ್ಯ ಬೇಕು."

"ನಮ್ಮೂರ ರಾಜರು ಕುದುರಿ ಹತ್ತಿದವ್ರು ರೀ" ಎಂದರು ನಮ್ಮವರು. "ನಿಮ್ಮ ಪ್ಯಾದಿ ಒಮ್ಮಿಗೇ ಎರಡು ಮನಿ ದಾಟ್ತದಲ್ಲ, ಅದಕ್ಕ ಟಿಕೇಟು ಯಾರು ಕೊಟ್ರು?"

ನಾನು ಚಹಾ ಹೊರಗೆ ಕಳಿಸಿದೆ. ಮತ್ತೆ ಚಹಾ ಕಳಿಸಿದೆ. ಬಾಗಿಲ ಹಿಂದೆ ನಿಂತಿದ್ದ ನೀಲಮ್ಮ ಸೆರಗಿನ ತುದಿಯನ್ನು ಹಗ್ಗದ ಹಾಗೆ ಹೊಸೆಯುತ್ತಿದ್ದಳು. ಕೊನೆಗೆ ಶಹಾಪುರದ ಒಬ್ಬ ಹಿರಿಯರು, "ಎರಡೂ ಕಾಯಿದಿ ಇರ್ಲಿ ತಗೀರಿ. ಯಾರಿಗಿ ಯಾವುದು ಬೇಕೋ ಅದು ಆಡ್ರಿ" ಎಂದು ತೀರ್ಪು ಕೊಟ್ಟರು. ಆಗಿನ ದಿನಗಳಲ್ಲಿ ನಮ್ಮ ಸೀಮೆಯ ಎಲ್ಲ ವ್ಯವಹಾರವೂ ಹಾಗೆಯೇ ತೀರುತ್ತಿತ್ತು. ಕಚೇರಿಯ ಕಾಗದದಲ್ಲಿ ಮೇಲಿನ ಸಾಲು ಕನ್ನಡ, ಕೆಳಗಿನ ಸಹಿ ಉರ್ದು. ಕನ್ನಡದವರೆಲ್ಲ ಒಂದಾಗುತ್ತಾರೆ, ನಾವು ಮೈಸೂರಿನ ಜೊತೆ ಕೂಡುತ್ತೇವೆ ಎಂದು ಕಟ್ಟೆಯ ಮೇಲೆ ಮಾತು. ಅಷ್ಟು ದೂರದ ಮೈಸೂರಿನ ಜೊತೆ ಕೂಡುವವರು ಯಾದಗಿರಿಯ ಜೊತೆ ಕೂಡಲಾರರೇ ಎಂದು ಒಲೆ ಊದುತ್ತ ಯೋಚಿಸಿದೆ.

ಅಮಾವಾಸ್ಯೆಗೆ ಅಬ್ಬೆತುಮಕೂರಿನ ಮಠಕ್ಕೆ ಹೋದೆ. ನಾನು ದೊಡ್ಡದೇನನ್ನೂ ಕೇಳುವವಳಲ್ಲ. ಎಮ್ಮೆ ಹಾಲು ಕೊಡಲಿ, ಮಳೆಗೆ ಮಣ್ಣಿನ ಮಾಳಿಗೆ ಸೋರದಿರಲಿ, ನಮ್ಮವರಿಗೆ ಒತ್ತಕ್ಷರ ಬರಲಿ, ಇಂಥವು. ದೇವರೂ ಒಂದೊಂದಾಗಿ ಕೊಡುತ್ತ ಬಂದಿದ್ದಾನೆ. ಕಾಯಿ ಹಿಡಿದು ಗದ್ದುಗೆಯ ಮುಂದೆ ನಿಂತು, "ತಂದೀ, ಇಬ್ಬರೂ ಗೆಲ್ಲಬಾರ್ದು, ಇಬ್ಬರೂ ಸೋಲಬಾರ್ದು" ಎಂದು ಬೇಡಿಕೊಂಡೆ. ಕಣ್ಣು ತೆರೆದರೆ ಪಕ್ಕದಲ್ಲಿ ವಕೀಲರ ಹೆಂಡತಿ ಗಂಗಮ್ಮ ಕಾಯಿ ಹಿಡಿದು ನಿಂತಿದ್ದಾರೆ. ಇಬ್ಬರೂ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆವು.

"ಏನು ಬೇಡಕೊಂಡ್ರಿ ಅಕ್ಕಾರ?" ಎಂದು ಅವರೇ ಶುರು ಮಾಡಿದರು.

"ಮನಿಯವರ ಕ್ಷೇಮ" ಎಂದೆ.

"ಯಾವ ಮನಿಯವರದು?"

ನಾನು ನಕ್ಕೆ. ಅವರೂ ನಕ್ಕರು. "ನಮ್ಮವರು ಸೋತ್ರ ಎಂಟು ದಿನ ಉಣ್ಣಂಗಿಲ್ರಿ. ಗೆದ್ರ ಎಂಟು ದಿನ ಬಾಯಿ ಮುಚ್ಚಂಗಿಲ್ಲ. ಉಪವಾಸ ಇದ್ದವ್ರನ್ನರ ತಾಳಿಕೋಬಹುದು" ಎಂದರು ಗಂಗಮ್ಮ. "ಖರೆ ಹೇಳ್ತೀನಿ, ನನಗ ನಿಮ್ಮ ನೀಲಮ್ಮ ಬೇಕು. ಆ ಬೆಳ್ಳಿ ಕಪ್ಪು ತಗೊಂಡು ನಾ ಏನು ಅದರ ಕೂಡ ಮಾತಾಡ್ಲೇನು?"

ಆ ಕಟ್ಟೆಯ ಮೇಲೆ ನಾವು ಸಂಚು ಮಾಡಿದೆವು ಎಂದು ಹೇಳಿದರೆ ಸುಳ್ಳಾದೀತು. ಅಡುಗೆಯ ಮಾತಾಡಿದೆವು, ಅಷ್ಟೆ. ನಮ್ಮ ಕಡೆ ಒಂದು ಪದ್ಧತಿಯಿದೆ. ಸಂಬಂಧದ ಮಾತು ನಡೆದಿರುವ ಎರಡು ಮನೆಯವರು ಒಂದೇ ಕಡೆ ಬುತ್ತಿ ಬಿಚ್ಚಿದರೆ, ತಮ್ಮ ಬುತ್ತಿಯನ್ನು ತಾವು ಉಣ್ಣಬಾರದು. ಗಂಟು ಬದಲಿಸಿಕೊಂಡೇ ಉಣ್ಣಬೇಕು. ಪಂದ್ಯದ ದಿನ ಶಹಾಪುರದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವುದು ಇದ್ದೇ ಇತ್ತು. ಹಾಗಾಗಿ ನಾನು ಕಟ್ಟುವುದು ವಕೀಲರ ಬಾಯಿಗೆ, ಗಂಗಮ್ಮ ಕಟ್ಟುವುದು ನಮ್ಮವರ ಬಾಯಿಗೆ. ವಕೀಲರಿಗೆ ಹಲ್ಲು ಹೋಗಿವೆ, ರೊಟ್ಟಿ ಮೆತ್ತಗಿರಬೇಕು, ಶೇಂಗಾ ಹೋಳಿಗೆ ಅಂದರೆ ಪ್ರಾಣ ಎಂದು ಅವರು ಹೇಳಿದರು. ನಮ್ಮವರಿಗೆ ರೊಟ್ಟಿ ಖಡಕ್ ಇರಬೇಕು, ಬೆಳ್ಳುಳ್ಳಿ ಖಾರ ಕಣ್ಣಲ್ಲಿ ನೀರು ತರಿಸಬೇಕು ಎಂದು ನಾನು ಹೇಳಿದೆ. ದೇವರು ಮಾಡುವುದನ್ನು ದೇವರು ಮಾಡಲಿ, ಬುತ್ತಿಯನ್ನಂತೂ ನಾವೇ ಕಟ್ಟಬೇಕಲ್ಲ.

ಭಾನುವಾರ ಬೆಳಿಗ್ಗೆ ಬುತ್ತಿಯ ಗಂಟು ಕೈಗೆ ಕೊಡುತ್ತ, "ನೋಡ್ರಿ, ಅವ್ರು ನಾಳೆ ಬೀಗರಾಗೋರು" ಎಂದೆ.

"ಹಾಸಿನ ಮ್ಯಾಲ ಬೀಗರಿಲ್ಲ. ಕರಿ ಕಾಯಿ ಅವ, ಬಿಳಿ ಕಾಯಿ ಅವ" ಎಂದು ಹೇಳಿ ಹೊರಟರು. ನನ್ನ ಕುಪ್ಪಸದ ಚೀಲವನ್ನು ಎದೆಗೆ ಒತ್ತಿಕೊಂಡು ಹೋಗುತ್ತಿದ್ದವರನ್ನು ನೋಡಿದರೆ, ಮಗಳ ಮದುವೆಯೇ ಬಸ್ಸು ಹತ್ತಿ ಹೋದಂತೆ ಅನ್ನಿಸಿತು.

ಮುಂದಿನದನ್ನು ಬಸಣ್ಣ ಹೇಳಿದ ಹಾಗೆ ಹೇಳುತ್ತೇನೆ. ಮಧ್ಯಾಹ್ನದವರೆಗೆ ಇಬ್ಬರೂ ಹುಲಿಗಳಂತೆ ಆಡಿದರಂತೆ. ಜನ ಗೋಡೆಯ ಮೇಲೆ, ಕಿಟಕಿಯ ಮೇಲೆ. ನಮ್ಮವರು ವಕೀಲರ ಎರಡೂ ಒಂಟೆಗಳನ್ನು ಹೊಡೆದರು. ವಕೀಲರು ನಮ್ಮವರ ಅರಿಷಿಣದ ಆನೆಯನ್ನು ಹೊಡೆದು, ಬೆರಳು ಹಳದಿಯಾದದ್ದನ್ನು ನೋಡಿ ಧೋತರಕ್ಕೆ ಒರೆಸಿಕೊಂಡರು. ಊಟದ ಹೊತ್ತಿಗೆ ನಮ್ಮವರದೇ ಕೈ ಮೇಲಿತ್ತಂತೆ. ವಜೀರ ನುಗ್ಗಿ ನಿಂತಿದ್ದ. ಸುರಪುರದವರು ಆಗಲೇ ಕಪ್ಪನ್ನು ಮೆರೆಸಿಕೊಂಡು ಬರಲು ಹಲಗೆ ಬಾರಿಸುವವರನ್ನು ಕೇಳಿ ಇಟ್ಟಿದ್ದರಂತೆ.

ಆಮೇಲೆ ಬುತ್ತಿ ಬಿಚ್ಚಿದರು. ಗಂಟು ಬದಲಾದವು. ವಕೀಲರು ಮೆತ್ತನೆಯ ರೊಟ್ಟಿ ಮುರಿದು, ನನ್ನ ಶೇಂಗಾ ಹೋಳಿಗೆಯನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದವರು ಎಷ್ಟೋ ಹೊತ್ತು ತೆರೆಯಲಿಲ್ಲವಂತೆ. ನಮ್ಮವರು ಗಂಗಮ್ಮನ ಬೆಳ್ಳುಳ್ಳಿ ಖಾರದಲ್ಲಿ ಖಡಕ್ ರೊಟ್ಟಿ ಮುರಿದು ಕಲಸಿ, ಮುಟಿಗೆ ಮಾಡಿ ತಿಂದು ಕಣ್ಣೀರು ಒರೆಸಿಕೊಂಡರಂತೆ. "ಇಬ್ಬರೂ ಒಂದು ಮಾತೂ ಆಡ್ಲಿಲ್ರಿ ವೈನಿ. ಬರೇ ತೇಗಿದ್ರು" ಎಂದ ಬಸಣ್ಣ.

ಉಪ್ಪು ಉಂಡ ಮೇಲೆ ನಮ್ಮ ಸೀಮೆಯವರ ಕೈ ಮೇಲೇಳುವುದು ಕಷ್ಟ. ಹಾಗೆಂದು ಕೈ ಬಿಟ್ಟು ಸೋಲುವುದಕ್ಕೆ ಅಭಿಮಾನ ಬಿಡುವುದಿಲ್ಲ. ಹಾಸಿನ ಮುಂದೆ ಕುಳಿತ ನಮ್ಮವರು ಬಹಳ ಹೊತ್ತು ಯೋಚಿಸಿ, ಅಲ್ಲಿಯವರೆಗೆ ಮುಟ್ಟದೆ ಬಿಟ್ಟಿದ್ದ ಒಂದು ಪ್ಯಾದೆಯನ್ನು ಎತ್ತಿ, ಒಂದಲ್ಲ, ಎರಡು ಮನೆ ಮುಂದೆ ಇಟ್ಟರು.

"ಅಣ್ಣ, ವೈನಿ, ಅಣ್ಣ ಪ್ಯಾದಿ ಎರಡು ಮನಿ ನಡಸ್ಯಾನ್ರಿ. ನಾ ಕಣ್ಣು ತಿಕ್ಕೊಂಡು ನೋಡ್ದೆ."

ಸುರಪುರದ ಜನ ಗೋಡೆಯಿಂದ ಇಳಿದು ಹತ್ತಿರ ಬಂದರು. ವಕೀಲರು ಆ ಪ್ಯಾದೆಯನ್ನೇ ನೋಡಿದರು. ತಮ್ಮ ಊರಿನ ಕಾಯಿದೆಗೆ ಎದುರಿನವರು ಮರ್ಯಾದೆ ಕೊಟ್ಟರೆಂಬುದು ಅವರಿಗೆ ತಿಳಿಯಿತು. ವಕೀಲರು ಮರ್ಯಾದೆಯಲ್ಲಿ ಹಿಂದೆ ಬೀಳುವವರೇ? ಅದುವರೆಗೆ ಬೆಚ್ಚಗೆ ಕೂತಿದ್ದ ತಮ್ಮ ರಾಜನನ್ನು ಎತ್ತಿ, "ನಿಮ್ಮ ಸುರಪುರದ ಕಾಯಿದಿ" ಎಂದು ಕುದುರೆ ಜಿಗಿತ ಜಿಗಿಸಿದರು. ಈಗ ಯಾದಗಿರಿಯವರು ತಲೆಯ ಮೇಲೆ ಕೈ ಹೊತ್ತರು. ಎರಡು ಮನೆ ನಡೆದ ಪ್ಯಾದೆಯನ್ನು ಹೇಗೆ ಕಾಯಬೇಕೆಂದು ನಮ್ಮವರಿಗೆ ಗೊತ್ತಿಲ್ಲ. ಜಿಗಿದ ರಾಜನನ್ನು ಎಲ್ಲಿ ಅಡಗಿಸಬೇಕೆಂದು ವಕೀಲರಿಗೆ ಗೊತ್ತಿಲ್ಲ. ಪರರ ಕುದುರೆ ಹತ್ತಿದ ಇಬ್ಬರು ಸವಾರರಂತೆ ಇಬ್ಬರೂ ಒದ್ದಾಡಿದರು. ಗೆಲ್ಲುತ್ತಿದ್ದ ಆಟ ನಮ್ಮವರ ಕೈ ಜಾರಿತು, ಗೆಲ್ಲಬಹುದಾದ ಆಟ ವಕೀಲರ ಕೈಗೆ ಹತ್ತಲಿಲ್ಲ. ಕೊನೆಗೆ ನಮ್ಮವರ ವಜೀರ ಶಹ ಕೊಟ್ಟು ರಾಜನನ್ನು ಹೆದರಿಸುವುದು, ವಕೀಲರ ರಾಜ ಪಕ್ಕದ ಮನೆಗೆ ಸರಿಯುವುದು. ಮತ್ತೆ ಶಹ, ಮತ್ತೆ ಹಿಂದಿನ ಮನೆಗೆ. "ತೊಟ್ಟಿಲು ತೂಗಿದಂಗ ಆತ್ರಿ" ಎಂದ ಬಸಣ್ಣ. ಶಹಾಪುರದ ಹಿರಿಯರು ಎದ್ದು, ಸಾಕು, ಹೊತ್ತು ಇಳಿಯಿತು, ಬಾಜಿ ಕಾಯಂ ಎಂದರು.

ಇಷ್ಟನ್ನು ಅವನು ಹೇಳಿ ಮುಗಿಸುವಾಗ ನೀಲಮ್ಮ ಬಾಗಿಲಿಗೆ ಬಂದು ನಿಂತಿದ್ದಳು. "ಏನಾತವ್ವ?" ಎಂದಳು. "ಏನೂ ಆಗಿಲ್ಲ. ಅದೇ ಆಗಿದ್ದು" ಎಂದೆ. ಅವಳು ಸುಟ್ಟ ರೊಟ್ಟಿಯನ್ನು ಇಕ್ಕಳದಿಂದ ಎತ್ತಿ ಎಮ್ಮೆಗೆ ಹಾಕಲು ಹೋದವಳು ಬಹಳ ಹೊತ್ತು ಹಿತ್ತಲಿನಿಂದ ಬರಲಿಲ್ಲ.

ನಮ್ಮವರು ಬಂದರು. ಕಾಲು ತೊಳೆದು ಕುಳಿತರು. ತಾಟು ಇಟ್ಟೆ.

"ಹಸಿವಿಲ್ಲ" ಎಂದರು. "ಬೀಗರ ಮನಿ ಬೆಳ್ಳುಳ್ಳಿ ಖಾರ ಬೇಷ್ ಇತ್ತು. ಇನ್ನಾ ಹೊಟ್ಟ್ಯಾಗ ಕುಂತದ."

ವಕೀಲರನ್ನು ಅವರು ಬೀಗರೆಂದು ಕರೆದದ್ದು ಅದೇ ಮೊದಲು. ಕೇಳಿಸದವಳಂತೆ ಇರಬೇಕೆಂದುಕೊಂಡರೂ ಸುಮ್ಮನಿರಲಾಗಲಿಲ್ಲ. "ಪ್ಯಾದಿ ಎರಡು ಮನಿ ಯಾಕ ನಡಸಿದ್ರಿ?" ಎಂದೆ.

"ಅವರ ಕಾಯಿದ್ಯಾಗ ಏನದ ನೋಡೂಣಂತ."

"ಏನದ?"

"ಏನೂ ಇಲ್ಲ. ಹುಚ್ಚ ಕಾಯಿದಿ" ಎಂದು ತಾಟಿನಲ್ಲಿದ್ದ ಉಳ್ಳಾಗಡ್ಡಿಯನ್ನು ಮುಂದೆ ಸರಿಸಿ, "ಖರೆ, ಜರಾ ಲಗೂ ಮುಂದ ಹೋಗ್ತದ" ಎಂದರು.

ಆ ಆಟವನ್ನು ಶಹಾಪುರದವರು ಇನ್ನೂ ಬಿಟ್ಟಿಲ್ಲವಂತೆ. ಚಹಾದ ಹೋಟೆಲಿನ ಬೆಂಚಿನ ಮೇಲೆ ಕಾಯಿ ಹೂಡಿಕೊಂಡು, ಊಟವಾದ ಮೇಲೆ ಪೇಶ್ಕಾರರು ಯಾಕೆ ಹಾಗೆ ನಡೆದರು, ವಕೀಲರು ಯಾಕೆ ಜಿಗಿದರು, ಅದರ ಹಿಂದೆ ಎಂಥ ಆಳವಾದ ಹಂಚಿಕೆಯಿತ್ತು ಎಂದು ತಲೆ ಕೆಡಿಸಿಕೊಳ್ಳುತ್ತಾರಂತೆ. ಹೋಳಿಗೆಯನ್ನು ಹಾಸಿನ ಮೇಲೆ ಇಟ್ಟು ನೋಡದೆ ಆ ಲೆಕ್ಕ ಬಿಡಿಸಲಿಕ್ಕಾಗುವುದಿಲ್ಲ.

ಮದುವೆಯಾಯಿತು. ಇಲ್ಲಿ ಬೇಡ ಅಲ್ಲಿ ಬೇಡ ಎಂದು ಶಹಾಪುರದಲ್ಲೇ ಆಯಿತು. ಕಪ್ಪನ್ನು ಒಡೆದು ಹಂಚುವಂತಿಲ್ಲವಾದ್ದರಿಂದ ಅದರಲ್ಲಿ ನೀರು ತುಂಬಿ, ವೀಳ್ಯದೆಲೆ ಕಾಯಿ ಇಟ್ಟು ಮದುವೆಯ ಕಳಸ ಮಾಡಿದೆವು. ಈಗ ಅದು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ, ದೇವರ ಜಗಲಿಯ ಮೇಲೆ. ನಮ್ಮ ಸೀಮೆಯೂ ಮೈಸೂರಿನ ಜೊತೆ ಕೂಡಿತು. ನಮ್ಮವರಿಗೆ ಒತ್ತಕ್ಷರ ಬಂತು. ದೇವರ ಮೇಲೆ ದೂರಲು ನನಗೆ ಏನೂ ಇಲ್ಲ.

ಏನೂ ಇಲ್ಲ ಎಂದೆನೇ? ಒಂದಿದೆ. ದೂರಲ್ಲ, ಬೇಡಿಕೊಳ್ಳುವಾಗ ನಾನೇ ಸ್ವಲ್ಪ ನೋಡಿ ಬೇಡಿಕೊಳ್ಳಬೇಕಿತ್ತು. ಆ ಒಂದು ಆಟದಲ್ಲಿ ಎಂದು ಹೇಳದೆ, ಇಬ್ಬರೂ ಗೆಲ್ಲಬಾರದು, ಇಬ್ಬರೂ ಸೋಲಬಾರದು ಎಂದು ಒಟ್ಟಾರೆ ಕೇಳಿಬಿಟ್ಟೆ. ದೇವರು ಕೊಡುವಾಗ ಕೈ ಬಿಗಿ ಹಿಡಿಯುವವನಲ್ಲ. ಅಂದಿನಿಂದ ಈ ಇಬ್ಬರು ಬೀಗರ ನಡುವೆ ಯಾವ ಮಾತೂ ಒಂದು ದಡ ಮುಟ್ಟಿಲ್ಲ. ಮದುವೆಯ ಊಟದಲ್ಲಿ ಹೋಳಿಗೆಯೋ ಬುಂದೆಯೋ ಎಂದು ಎಳೆದಾಡಿ ಎರಡೂ ಆದವು. ಮೊಮ್ಮಗ ಹುಟ್ಟಿದಾಗ ವಕೀಲರ ತಂದೆಯ ಹೆಸರು ಗುರುಲಿಂಗಪ್ಪ ಇಡಬೇಕೋ, ನಮ್ಮ ಮಾವನವರ ಹೆಸರು ಮಹಾಂತಪ್ಪ ಇಡಬೇಕೋ ಎಂದು ಬಂತು. ಗಂಡಿನ ಮನೆಯವರ ಹೆಸರು ಇಡುವುದು ರೂಢಿ. ಆದರೆ ಮಹಾಂತಪ್ಪನವರು ಶತರಂಜಿನ ಗುರುಗಳು ಎಂದು ವಕೀಲರೇ ಮರ್ಯಾದೆಗೆ ಹಿಂದೆ ಸರಿದರು; ವಕೀಲರು ಸರಿದರಲ್ಲ ಎಂದು ನಮ್ಮವರೂ ಸರಿದರು. ತೊಟ್ಟಿಲಿನ ದಿನ ಕೂಸಿನ ಒಂದು ಕಿವಿಯಲ್ಲಿ ಒಂದು ಹೆಸರು, ಇನ್ನೊಂದು ಕಿವಿಯಲ್ಲಿ ಇನ್ನೊಂದು ಹೆಸರು ಊದಿದರು. ಕೂಸು ಎರಡಕ್ಕೂ ಸಮನಾಗಿ ಅತ್ತಿತು.

ಇವತ್ತು ನೀಲಮ್ಮನನ್ನೂ ಕೂಸನ್ನೂ ಕರೆದೊಯ್ಯಲು ವಕೀಲರು, ಗಂಗಮ್ಮ ಬಂದಿದ್ದಾರೆ. ಹೋಗುವುದರೊಳಗೆ ಕೂಗುವ ಹೆಸರು ಯಾವುದೆಂದು ತೀರ್ಮಾನವಾಗಬೇಕಂತೆ. ಬೆಳಿಗ್ಗೆಯೇ ಪಡಸಾಲೆಯಲ್ಲಿ ಹಾಸು ಬಿಚ್ಚಿದ್ದಾರೆ, ಗೆದ್ದವರ ತಂದೆಯ ಹೆಸರು ಕೂಸಿಗೆ ಎಂದು. ನೀಲಮ್ಮ ತೊಟ್ಟಿಲು ತೂಗುತ್ತ, "ಅವ್ವಾ, ಈ ಸರ್ತಿ ಯಾರಾದ್ರೂ ಒಬ್ಬರು ಗೆಲ್ಲಲಿ ಅಂತ ಬೇಡಕೋ. ನನಗ ಕೂಸಿಗಿ ಕೂಗೂದು ಬ್ಯಾಡೇನು?" ಎಂದಳು. ಸರಿಯೇ ಅಲ್ಲವೇ ಎಂದು ಕೈಕಾಲು ತೊಳೆದು ಜಗಲಿಯ ಮುಂದೆ ಕುಳಿತೆ. ಬೆಳ್ಳಿ ಕಪ್ಪಿನ ಮೇಲಿನ ಕಾಯಿ ನೋಡುತ್ತ, ಯಾರು ಗೆಲ್ಲಲಿ ಎನ್ನಲಿ ಎಂದು ಯೋಚಿಸಿದೆ. ಮಹಾಂತಪ್ಪ ಮಾವನವರು ನನ್ನನ್ನು ಮಗಳಂತೆ ಕಂಡವರು. ಗುರುಲಿಂಗಪ್ಪ ಎಂದು ಹೇಳುವಾಗ ಗಂಗಮ್ಮನ ಮುಖ ಅರಳುವುದನ್ನು ಬೆಳಿಗ್ಗೆಯೇ ಕಂಡಿದ್ದೆ. ಪಡಸಾಲೆಯಿಂದ "ಶಹ" ಎಂದು ವಕೀಲರ ದನಿ ಬಂತು. ನನ್ನ ಎದೆ ಧಸಕ್ಕೆಂದಿತು. ಸ್ವಲ್ಪ ಹೊತ್ತಿಗೆ "ನಿಮಗ ಶಹ" ಎಂದು ನಮ್ಮವರ ದನಿ ಬಂತು. ಅದಕ್ಕೂ ಎದೆ ಹಾಗೆಯೇ ಅಂದಿತು. ಕೈ ತಾನಾಗಿ ಕೂಡಿತು, ಬಾಯಿ ತಾನಾಗಿ ಅದೇ ಹಳೆಯ ಮಾತನ್ನು ಹೇಳಿತು. ಹೇಳಿ ಮುಗಿದ ಮೇಲೆ ಮಗಳ ಕಡೆ ನೋಡಲು ನಾಚಿಕೆಯಾಗಿ, ಕೂಸಿಗೆ ಕೂಸು ಎಂದರೂ ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಒಳಗೆ ಎಸರು ಕುದಿಯುತ್ತಿತ್ತು. ಗಂಗಮ್ಮ ಆಗಲೇ ಒಲೆಯ ಮುಂದೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಪರಾತದಲ್ಲಿ ಜೋಳದ ಹಿಟ್ಟು ಹಾಕಿ, ನಡುವೆ ಗುಣಿ ಮಾಡಿ ಎಸರು ಹೊಯ್ದು, ನಾದಲು ಕುಳಿತೆ. ಅರ್ಧ ವಕೀಲರಿಗೆ ಮೆತ್ತಗೆ, ಅರ್ಧ ನಮ್ಮವರಿಗೆ ಖಡಕ್.